ದ್ವೀಪ ಎಲ್ಲಿಗೂ ಓಡಿಹೋಗುವುದಿಲ್ಲ

ಯಲ್ಲಾಪುರ ದಾಟಿದ ಬಸ್ಸು ಅರಬೈಲು ಘಟ್ಟದ ತಿರುವುಗಳನ್ನು ಇಳಿಯತೊಡಗಿದಾಗ ಕಿವಿಗಳು ಮುಚ್ಚಿಕೊಳ್ಳುತ್ತವೆ. ಉಗುಳು ನುಂಗಿದರೆ ಟಪ್ಪನೆ ತೆರೆಯುತ್ತವೆ. ಬೆಳಿಗ್ಗೆ ಧಾರವಾಡದಲ್ಲಿ ಸ್ವೆಟರ್ ಹಾಕಿಕೊಂಡು ಹತ್ತಿದವರು ಅಂಕೋಲೆಯಲ್ಲಿ ಇಳಿಯುವಾಗ ಅದನ್ನು ಸೊಂಟಕ್ಕೆ ಸುತ್ತಿಕೊಂಡಿರುತ್ತಾರೆ. ಹುಬ್ಬಳ್ಳಿಯಿಂದ ಅಂಕೋಲೆಗೆ ಸುಮಾರು 135 ಕಿ.ಮೀ. ಆದರೆ ಆ ದಾರಿಯಲ್ಲಿ ಹವೆ, ಮಣ್ಣು, ಅಕ್ಕಿಯ ಬಣ್ಣ, ಮಾತಿನ ಧಾಟಿ ಎಲ್ಲವೂ ಬದಲಾಗುತ್ತವೆ.

ಡಿಸೆಂಬರ್ ಕೊನೆಯ ಒಂದು ಮಧ್ಯಾಹ್ನ ಹಾಗೆ ಇಳಿದ ಕುಟುಂಬವೊಂದರಲ್ಲಿ ಐದು ಜನರಿದ್ದರು. ಬ್ಯಾಂಕಿನಲ್ಲಿ ಗುಮಾಸ್ತನಾದ ತಂದೆ, ತಾಯಿ, ಎಪ್ಪತ್ತು ದಾಟಿದ ಅಜ್ಜಿ, ಹತ್ತನೆಯ ತರಗತಿಯ ಮಗಳು, ಏಳನೆಯ ತರಗತಿಯ ಮಗ. ಸಾಮಾನು ಮಾತ್ರ ಹತ್ತು ಜನರಿಗಾಗುವಷ್ಟು: ಒಂದು ಚೀಲ ಜೋಳದ ಖಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಕುಕ್ಕರ್, ಎರಡು ಪಾತ್ರೆ, ಒಂದು ಲಟ್ಟಣಿಗೆ. ಹೋಟೆಲಿನ ಊಟ ಅಜ್ಜಿಗೆ ಒಗ್ಗುವುದಿಲ್ಲ. ಐದು ದಿನ ಐದು ಜನರು ಹೋಟೆಲಿನಲ್ಲಿ ಉಂಡರೆ ಗುಮಾಸ್ತನ ಜೇಬಿಗೂ ಒಗ್ಗುವುದಿಲ್ಲ. ಆದ್ದರಿಂದ ಅಂಕೋಲೆ ಪೇಟೆಗೆ ಹತ್ತಿರದ ಕೇಣಿಯಲ್ಲಿ, ಅಡಿಗೆಮನೆಯಿರುವ ಎರಡು ಕೋಣೆಯ ಹೆಂಚಿನ ಮನೆಯೊಂದನ್ನು ಐದು ದಿನಕ್ಕೆ ಬಾಡಿಗೆಗೆ ಪಡೆದಿದ್ದರು. ಸ್ವಂತ ಅಡಿಗೆ, ಸ್ವಂತ ಊಟ, ಎದುರಿಗೆ ಸಮುದ್ರ.

ಇಂಥ ಪ್ರವಾಸಕ್ಕೆ ವಿದೇಶದಲ್ಲಿ ‘ಸೆಲ್ಫ್ ಕೇಟರಿಂಗ್’ ಎಂಬ ಹೆಸರಿದೆ. ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಸ್ಕೈ, ಮಲ್, ಅರಾನ್ ಮೊದಲಾದ ದ್ವೀಪಗಳಿಗೆ ಬೇಸಿಗೆಯಲ್ಲಿ ಹೋಗುವ ಕುಟುಂಬಗಳು ವಾರದ ಲೆಕ್ಕದಲ್ಲಿ ಮನೆ ಹಿಡಿದು, ದಿನಸಿ ತಂದು, ತಾವೇ ಬೇಯಿಸಿಕೊಂಡು ಇರುತ್ತವೆ. ನಮ್ಮಲ್ಲಿ ಇದು ಹೊಸದೇನಲ್ಲ. ಬುತ್ತಿ ಕಟ್ಟಿಕೊಂಡು, ಕಲ್ಲು ಹೂಡಿ ಒಲೆ ಮಾಡಿ ಜಾತ್ರೆಗೆ ಹೋಗುತ್ತಿದ್ದ ನಮ್ಮ ಹಿರಿಯರು ಅದನ್ನೇ ಮಾಡುತ್ತಿದ್ದರು, ಹೆಸರಿಟ್ಟಿರಲಿಲ್ಲ, ಅಷ್ಟೆ.

ಈ ಕುಟುಂಬದ ಪ್ರವಾಸಕ್ಕೂ ಒಂದು ದ್ವೀಪವಿತ್ತು. ಕಾರವಾರದ ಎದುರಿನ ಕೂರ್ಮಗಡ. ಅಲ್ಲಿನ ನರಸಿಂಹ ದೇವರಿಗೆ ಅಜ್ಜಿ ಎಂದೋ ಹೊತ್ತ ಹರಕೆ ಬಾಕಿಯಿತ್ತು. ಪುಷ್ಯ ಹುಣ್ಣಿಮೆಯಂದು ನಡೆಯುವ ಜಾತ್ರೆಗೆ ಬರಬೇಕೆಂದು ಆಕೆಯ ಆಸೆ. ‘ಜಾತ್ರಿ ದಿನ ಮಾತ್ರ ಬ್ಯಾಡ’ ಎಂದು ಮಗ ಖಡಾಖಂಡಿತವಾಗಿ ಹೇಳಿದ್ದ. ಅದಕ್ಕೆ ಕಾರಣವಿತ್ತು; ಅದು ಮುಂದೆ ಬರುತ್ತದೆ.

ಸಂತೆಯಿಂದ ಒಲೆಯವರೆಗೆ

ಮನೆ ಹಿಡಿದವರು ಮೊದಲು ಮಾಡಬೇಕಾದ ಕೆಲಸ ಪೇಟೆ ಸುತ್ತುವುದು. ಅಂಕೋಲೆಯಲ್ಲಿ ತರಕಾರಿಯನ್ನು ಹಾಲಕ್ಕಿ ಒಕ್ಕಲಿಗ ಹೆಂಗಸರ ಬುಟ್ಟಿಯಿಂದಲೇ ಕೊಳ್ಳಬೇಕು. ಕೊರಳ ತುಂಬ ಕರಿಮಣಿ ಸರ ಧರಿಸಿದ ಈ ಹೆಂಗಸರು ತಾವೇ ಬೆಳೆದ ಬಸಳೆ, ಹರಿವೆ, ಗೆಣಸು, ಹೀರೆಗಳನ್ನು ಮುಂದಿಟ್ಟುಕೊಂಡು ಕೂತಿರುತ್ತಾರೆ. ಹಾಲಕ್ಕಿ ಹಾಡುಗಳ ಭಂಡಾರವೇ ಆಗಿದ್ದ ಸುಕ್ರಿ ಬೊಮ್ಮಗೌಡ ಇದೇ ತಾಲ್ಲೂಕಿನ ಬಡಗೇರಿಯವರು. ಸಾವಿರಾರು ಸಸಿಗಳನ್ನು ಬೆಳೆಸಿದ ತುಳಸಿ ಗೌಡ ಹೊನ್ನಳ್ಳಿಯವರು. ಇಬ್ಬರಿಗೂ ಪದ್ಮಶ್ರೀ ಸಂದಿತ್ತು. ತುಳಸಿ ಗೌಡ 2024ರ ಡಿಸೆಂಬರಿನಲ್ಲಿ, ಸುಕ್ರಜ್ಜಿ 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಶಾಲೆಯ ಮೆಟ್ಟಿಲು ಹತ್ತದ ಇವರಿಬ್ಬರ ಹೆಸರು ಹತ್ತನೆಯ ತರಗತಿಯ ಹುಡುಗಿಗೆ ಸಾಮಾನ್ಯ ಜ್ಞಾನದ ಪ್ರಶ್ನೆಯಾಗಿ ಗೊತ್ತಿತ್ತು. ಅವರ ಊರು ಬಸ್ಸಿಳಿದ ಜಾಗದಿಂದ ಇಷ್ಟು ಹತ್ತಿರವೆಂದು ಗೊತ್ತಿರಲಿಲ್ಲ.

ಅಲ್ಲೇ ಒಣಗಿಸಿದ ಮುರುಗಲು ಸಿಪ್ಪೆ, ಒಂದು ತೆಂಗಿನಕಾಯಿ, ಕುಚ್ಚಲಕ್ಕಿ, ಸಾಣಿಕಟ್ಟೆಯ ಹರಳುಪ್ಪು ಕೊಂಡದ್ದಾಯಿತು. ಉಪ್ಪಿಗೂ ಈ ಊರಿಗೂ ಹಳೆಯ ನಂಟು. 1930ರ ಏಪ್ರಿಲ್‌ನಲ್ಲಿ ಕರ್ನಾಟಕದ ಉಪ್ಪಿನ ಸತ್ಯಾಗ್ರಹ ಅಂಕೋಲೆಯಲ್ಲೇ ನಡೆಯಿತು, ಎಂ. ಪಿ. ನಾಡಕರ್ಣಿಯವರು ಅದರ ಮುಂದಾಳು. ಅದರ ಬೆನ್ನಿಗೇ ಬಂದ ಕರನಿರಾಕರಣೆಯಲ್ಲಿ ಇಲ್ಲಿನ ರೈತರು ಜಮೀನು, ದನಕರು, ಪಾತ್ರೆಪಗಡಗಳನ್ನೂ ಕಳೆದುಕೊಂಡರು. ಅಂಕೋಲೆಯನ್ನು ‘ಕರ್ನಾಟಕದ ಬಾರ್ಡೋಲಿ’ ಎಂದು ಕರೆಯುವುದು ಅದಕ್ಕೇ.

ಮೀನು ತಿನ್ನುವವರಿಗೆ ಈ ಕರಾವಳಿ ಸ್ವರ್ಗ. ಬಂಗಡೆ, ತಾರ್ಲೆ, ನೊಗಲಿ, ಇಸವಾಣ, ಶೆಟ್ಲಿ, ಕಾಳಿ ನದಿಯ ಬೆಳಚು, ಬಂಡೆಗಂಟಿದ ಕಲ್ಗ. ಈ ಕುಟುಂಬ ಮೀನು ತಿನ್ನುವುದಿಲ್ಲ. ಆದರೂ ಹುಡುಗ ಮೀನುಪೇಟೆಯಿಂದ ಕದಲಲೊಲ್ಲ. ಬಂಗಡೆಯ ಬೆನ್ನು ಏಕೆ ನೀಲಿಹಸಿರು, ಹೊಟ್ಟೆ ಏಕೆ ಬೆಳ್ಳಗೆ ಎಂದು ಕೇಳಿದ. ಮೇಲಿನಿಂದ ನೋಡುವ ಹಕ್ಕಿಗೆ ಬೆನ್ನು ಕಡಲಿನ ಬಣ್ಣದಲ್ಲಿ ಕರಗುತ್ತದೆ, ಕೆಳಗಿನಿಂದ ನೋಡುವ ದೊಡ್ಡ ಮೀನಿಗೆ ಹೊಟ್ಟೆ ಆಕಾಶದ ಬೆಳಕಿನಲ್ಲಿ ಕರಗುತ್ತದೆ ಎಂದು ಅಕ್ಕ ವಿವರಿಸಿದಳು. ಮೀನು ಮಾರುವ ಹೆಂಗಸು ನಕ್ಕು, ‘ಕಡಿಗೆ ಬಲೆಯಲ್ಲಿ ಸಿಕ್ಕೇ ಸಿಕ್ತದೆ’ ಎಂದಳು.

ಅಡಿಗೆಮನೆಯಲ್ಲಿ ಎರಡು ಆಶ್ಚರ್ಯಗಳು ಕಾದಿದ್ದವು. ಧಾರವಾಡದಲ್ಲಿ ತೆರೆದ ಪಾತ್ರೆಯಲ್ಲಿ ಬೇಯಲು ಸತಾಯಿಸುವ ಬೇಳೆ ಇಲ್ಲಿ ತುಸು ಬೇಗ ಬೆಂದಿತು. ಎತ್ತರ ಹೆಚ್ಚಿದಂತೆ ಗಾಳಿಯ ಒತ್ತಡ ಕಡಿಮೆಯಾಗಿ ನೀರು ಕಡಿಮೆ ಉಷ್ಣತೆಯಲ್ಲೇ ಕುದಿಯುತ್ತದೆ. ಸುಮಾರು 300 ಮೀಟರಿಗೆ ಒಂದು ಡಿಗ್ರಿ ಲೆಕ್ಕ. ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ನೀರು 700 ಮೀಟರಿಗೂ ಮಿಕ್ಕ ಎತ್ತರದ ಧಾರವಾಡದಲ್ಲಿ ಅದಕ್ಕಿಂತ ಎರಡು ಡಿಗ್ರಿಗೂ ಹೆಚ್ಚು ಕೆಳಗೇ ಕುದಿದುಬಿಡುತ್ತದೆ. ಪಾಠಪುಸ್ತಕದ ಈ ಮಾತು ಬೇಳೆಯ ಪಾತ್ರೆಯಲ್ಲಿ ಕಣ್ಣಿಗೆ ಬಿತ್ತು.

ಎರಡನೆಯದು ಬಾವಿ. ಅಲೆಯ ಸದ್ದು ಕೇಳುವಷ್ಟು ಹತ್ತಿರದಲ್ಲಿದ್ದರೂ ನೀರು ಸಿಹಿ. ಮಳೆಗಾಲದಲ್ಲಿ ಮರಳಿನೊಳಗಿಳಿದ ಸಿಹಿನೀರು ಉಪ್ಪುನೀರಿಗಿಂತ ಹಗುರ. ಆದ್ದರಿಂದ ನೆಲದಡಿ ಅದರ ಮೇಲೆ ತೇಲುತ್ತಿರುತ್ತದೆ. ಸಿಹಿನೀರಿನ ಮಟ್ಟ ಸಮುದ್ರಕ್ಕಿಂತ ಒಂದು ಮೀಟರ್ ಮೇಲಿದ್ದರೆ ಅದರ ಪದರ ಸಮುದ್ರಮಟ್ಟದ ಕೆಳಗೆ ಸುಮಾರು 40 ಮೀಟರ್‌ವರೆಗೆ ಚಾಚಿರಬಲ್ಲದು. ಆದರೆ ಈ ಲೆಕ್ಕ ತಿರುವುಮುರುವೂ ಹೌದು. ಪಂಪು ಹಚ್ಚಿ ಒಂದೇ ಸಮನೆ ನೀರೆತ್ತಿ ಮೇಲಿನ ಮಟ್ಟವನ್ನು ಇಳಿಸಿದರೆ ಕೆಳಗಿನ ಉಪ್ಪುನೀರು ಅದರ 40 ಪಾಲು ಮೇಲಕ್ಕೇರುತ್ತದೆ, ಬಾವಿ ಸವಳಾಗುತ್ತದೆ. ‘ಬೇಕಾದಷ್ಟು ಸೇದ್ಕೊಳ್ಳಿ, ಪಂಪ್ ಮಾತ್ರ ಕೇಳ್ಬೇಡಿ’ ಎಂದ ಮನೆಯೊಡತಿಗೆ ಈ ಸೂತ್ರ ಗೊತ್ತಿರಲಿಕ್ಕಿಲ್ಲ. ಬಾವಿಯ ಸ್ವಭಾವ ಗೊತ್ತಿತ್ತು.

ಗಾಳಿಮರದ ಕಡ್ಡಿಗಳು

ಹುಣ್ಣಿಮೆಗೆ ಇನ್ನು ಮೂರು ದಿನವಿತ್ತು. ಬೆಳಿಗ್ಗೆ ದಂಡೆಗೆ ಹೋದ ಅಕ್ಕತಮ್ಮ ಒಂದು ಆಟ ಹೂಡಿದರು. ಅಲೆ ಎಲ್ಲಿಯವರೆಗೆ ಬಂದು ಹಿಂದೆ ಸರಿಯತೊಡಗಿತೋ ಅಲ್ಲೊಂದು ಗಾಳಿಮರದ ಕಡ್ಡಿ ನೆಟ್ಟು ಗಡಿಯಾರ ನೋಡಿದರು. ಸುಮಾರು ಎಂಟೂವರೆ. ಮಾರನೆಯ ದಿನ ಅದೇ ಭರತಿ ಒಂಬತ್ತೂ ಇಪ್ಪತ್ತರ ಹೊತ್ತಿಗೆ ಬಂದು, ಹಿಂದಿನ ದಿನದ ಕಡ್ಡಿಯನ್ನು ಎತ್ತಿಕೊಂಡೇ ಹೋಯಿತು.

ಭೂಮಿ ತನ್ನ ಸುತ್ತ ತಿರುಗಲು 24 ಗಂಟೆ. ಅಷ್ಟರಲ್ಲಿ ಚಂದ್ರ ತನ್ನ ಕಕ್ಷೆಯಲ್ಲಿ ಮುಂದೆ ಸರಿದಿರುತ್ತಾನೆ. ಅವನನ್ನು ಮತ್ತೆ ನೆತ್ತಿಗೆ ತರಲು ಭೂಮಿಗೆ ಇನ್ನೂ ಸುಮಾರು 50 ನಿಮಿಷ ಬೇಕು. ಆದ್ದರಿಂದ ಭರತಿ ಇಳಿತಗಳು ದಿನಕ್ಕೆ ಅಷ್ಟಷ್ಟು ತಡವಾಗುತ್ತವೆ. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಸೂರ್ಯಚಂದ್ರರ ಸೆಳೆತ ಒಂದೇ ನೇರಕ್ಕೆ ಕೂಡುವುದರಿಂದ ಭರತಿ ಹೆಚ್ಚು ಮೇಲೇರುತ್ತದೆ, ಇಳಿತ ಹೆಚ್ಚು ಕೆಳಗಿಳಿಯುತ್ತದೆ. ಹುಡುಗಿ ಇದನ್ನು ನೋಟ್‌ಬುಕ್ಕಿನಲ್ಲಿ ನಾಲ್ಕು ಗೆರೆಯ ಕೋಷ್ಟಕ ಮಾಡಿ ಬರೆದಿಟ್ಟಳು. ಅದು ಕೆಲಸಕ್ಕೆ ಬರುತ್ತದೆಂದು ಆಗ ಯಾರೂ ಎಣಿಸಿರಲಿಲ್ಲ.

ದಂಡೆಯಲ್ಲಿ ಬಲೆ ಹೆಣೆಯುತ್ತ ಕೂತಿದ್ದವರ ಮಾತೆಲ್ಲ ಬೇರೆಯೇ. ಕೇಣಿಯಲ್ಲಿ ವಾಣಿಜ್ಯ ಬಂದರು ಕಟ್ಟುವ ಯೋಜನೆಗೆ 2025ರಲ್ಲಿ ಇಲ್ಲಿನ ಮೀನುಗಾರರು ಬೀದಿಗಿಳಿದು ವಿರೋಧ ತೋರಿದ್ದರು. ಪ್ರವಾಸಿಗನಿಗೆ ಐದು ದಿನದ ನೋಟವಾದ ಈ ಮರಳು ಅವರಿಗೆ ದೋಣಿ ಎಳೆಯುವ, ಮೀನು ಒಣಗಿಸುವ ಅಂಗಳ.

ಕೋಡಿಬಾಗದಲ್ಲಿ ಒಂದು ಮಧ್ಯಾಹ್ನ

ಮೂರನೆಯ ದಿನ ದ್ವೀಪಕ್ಕೆ ಹೋಗುವುದೆಂದು ನಿಶ್ಚಯವಾಯಿತು. ಆದರೆ ಸ್ವಂತ ಅಡಿಗೆಯ ಸುಖಕ್ಕೆ ಒಂದು ದಂಡವೂ ಉಂಟು. ದೇವರಿಗೆ ಹೋಗುವ ದಿನವೆಂದು ಅಜ್ಜಿ ಹೋಳಿಗೆಗೆ ಬೇಳೆ ಬೇಯಿಸಲು ಇಟ್ಟಳು. ಹೂರಣ ರುಬ್ಬಿ, ಲಟ್ಟಿಸಿ, ಬೇಯಿಸಿ, ಕಟ್ಟಿಕೊಂಡು ಹೊರಡುವಾಗ ಹನ್ನೊಂದೂವರೆ. ಅಂಕೋಲೆಯಿಂದ ಕಾರವಾರಕ್ಕೆ ಸುಮಾರು 35 ಕಿ.ಮೀ.; ಬಸ್ಸು ಕಾದು, ಅಲ್ಲಿಂದ ಕಾಳಿ ನದಿಯ ಅಳಿವೆಯ ಪಕ್ಕದ ಕೋಡಿಬಾಗ ತಲುಪುವಾಗ ಎರಡು ಗಂಟೆ.

ದಾರಿಯುದ್ದಕ್ಕೂ ಬಲಕ್ಕೆ ಗುಡ್ಡ, ಎಡಕ್ಕೆ ಕಡಲು. ಅರಗಾ ಬಿಣಗಾಗಳ ಬಳಿ ಉದ್ದನೆಯ ಗೋಡೆ. ಅದರಾಚೆ ನೌಕಾನೆಲೆ. 1986ರಲ್ಲಿ ಅಡಿಗಲ್ಲು ಬಿದ್ದ ‘ಸೀಬರ್ಡ್’ ಯೋಜನೆಗಾಗಿ ಹಲವು ಹಳ್ಳಿಗಳ ಸಾವಿರಾರು ಕುಟುಂಬಗಳು ಮನೆ, ದಂಡೆ, ತೋಟ ಬಿಟ್ಟು ಎದ್ದವು. 2005ರಲ್ಲಿ ‘ಐಎನ್ಎಸ್ ಕದಂಬ’ ಆರಂಭವಾಯಿತು. ಅಂಜದೀವ ದ್ವೀಪ ಅಲ್ಲೇ ಸನಿಹದಲ್ಲಿದೆ. 1498ರಲ್ಲಿ ವಾಸ್ಕೋ ಡ ಗಾಮ ತನ್ನ ಹಡಗುಗಳನ್ನು ದುರಸ್ತಿ ಮಾಡಿಸಿ, ಕುಡಿಯುವ ನೀರು ತುಂಬಿಸಿಕೊಂಡದ್ದು ಅಲ್ಲಿ. 1961ರ ಡಿಸೆಂಬರ್ 18ರಂದು ಪೋರ್ಚುಗೀಸರಿಂದ ಅದನ್ನು ಬಿಡಿಸುವಾಗ ಭಾರತೀಯ ನೌಕಾಪಡೆಯ ಏಳು ಮಂದಿ ಪ್ರಾಣ ತೆತ್ತರು. ಅದು ಈಗ ನೌಕಾಪಡೆಯ ವಶದಲ್ಲಿರುವುದರಿಂದ ಪ್ರವಾಸಿಗರಿಗೆ ಪ್ರವೇಶವಿಲ್ಲ. ಕಿಟಕಿಯಿಂದ ನೋಡಿ ತೃಪ್ತಿಪಡಬೇಕು.

ಕೋಡಿಬಾಗದಲ್ಲಿ ಒಂದು ದೋಣಿ ಹೊರಡಲು ಸಿದ್ಧವಾಗಿತ್ತು. ಆಗಲೇ ಹದಿನಾಲ್ಕು ಜನ ಕೂತಿದ್ದರು. ‘ಐದೇ ಜನ ಅಲ್ವಾ, ಬನ್ನಿ ಬನ್ನಿ, ಹೊಂದಿಸ್ಕೊಂಡ್ರಾಯ್ತು’ ಎಂದು ದೋಣಿಯವ ಕರೆದ. ಹುಡುಗ ಓಡಿದ. ತಂದೆ ಚೀಲವೆತ್ತಿಕೊಂಡ. ಮಗಳು ನಿಂತಲ್ಲೇ ನಿಂತು ಎಣಿಸಿದಳು. ಕಿತ್ತಳೆ ಬಣ್ಣದ ಜೀವರಕ್ಷಕ ಜಾಕೆಟ್‌ಗಳು ಒಂಬತ್ತಿದ್ದವು. ಕೆಲವು ತೊಟ್ಟವರ ಮೈಮೇಲೆ, ಕೆಲವು ಕೂರುವವರ ಕೆಳಗೆ ಮೆತ್ತೆಯಂತೆ.

‘ಜಾಕೆಟ್ ಸಾಲುದಿಲ್ಲಪ್ಪ’ ಎಂದಳು.

‘ಅರ್ಧಾ ತಾಸಿನ ದಾರಿ. ಸಮುದ್ರ ಎಷ್ಟ್ ಶಾಂತ ಐತಿ ನೋಡು’ ಎಂದ ತಂದೆ. ಎರಡು ತಿಂಗಳಿಂದ ಮಗನಿಗೆ ಕೊಟ್ಟ ಮಾತು, ತಾಯಿಯ ಹರಕೆ, ಅಷ್ಟು ದೂರದ ಬಸ್ಸು, ಕೈಯಲ್ಲಿ ಹೋಳಿಗೆಯ ಡಬ್ಬಿ. ಹಿಂದಿರುಗುವುದು ಅವನಿಗೂ ಸುಲಭವಿರಲಿಲ್ಲ.

ಹುಡುಗಿ ನೋಟ್‌ಬುಕ್ಕು ತೆಗೆದಳು. ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ ಭರತಿ. ಅಂದರೆ ಮೂರೂವರೆಯ ಸುಮಾರಿಗೆ ಪೂರಾ ಇಳಿತ. ಈಗ ಎರಡು, ನದಿಯ ನೀರೆಲ್ಲ ಅಳಿವೆಯ ಮೂಲಕ ಹೊರಗೆ ಓಡುತ್ತಿದೆ. ಹೊತ್ತು ಏರಿದಂತೆ ಕಾದ ನೆಲದತ್ತ ಕಡಲಗಾಳಿ ಬೀಸತೊಡಗಿದೆ. ಹೊರಗೆ ಓಡುವ ನೀರಿಗೆ ಒಳಗೆ ಬರುವ ಅಲೆಗಳು ಎದುರಾದರೆ ಅಲೆಯ ಉದ್ದ ಕುಗ್ಗಿ ಎತ್ತರ ಹೆಚ್ಚುತ್ತದೆ. ದಂಡೆಯಿಂದ ಶಾಂತವಾಗಿ ಕಾಣುವ ಕಡಲು ಅಳಿವೆಯ ಬಾಯಲ್ಲಿ ಕಡಿದಾದ ಅಲೆಗಳಾಗಿ ಏಳುವುದು ಹೀಗೆ. ತುಂಬಿದ ದೋಣಿಯ ಅಂಚು ನೀರಿಗೆ ಹತ್ತಿರವಿರುತ್ತದೆ. ಒಂದು ಅಲೆ ಒಳಗೆ ಬಿದ್ದರೆ ಜನ ಹೆದರಿ ಒಂದೇ ಬದಿಗೆ ಸರಿಯುತ್ತಾರೆ. ಆಮೇಲೆ ಏನೂ ಉಳಿಯುವುದಿಲ್ಲ.

ಇದು ಲೆಕ್ಕದ ಮಾತಷ್ಟೇ ಆಗಿರಲಿಲ್ಲ. 2019ರ ಜನವರಿ 21, ಪುಷ್ಯ ಹುಣ್ಣಿಮೆ. ಕೂರ್ಮಗಡದ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿಯೊಂದು ಮಗುಚಿ 16 ಜನ ಸತ್ತರು. ಅವರಲ್ಲಿ ಮಕ್ಕಳಿದ್ದರು, ಘಟ್ಟದ ಮೇಲಿನಿಂದ ಬಂದ ಭಕ್ತರಿದ್ದರು. ದೋಣಿಯಲ್ಲಿ ಮಿತಿ ಮೀರಿ ಜನರಿದ್ದರೆಂದೂ ಹೆಚ್ಚಿನವರು ಜಾಕೆಟ್ ತೊಟ್ಟಿರಲಿಲ್ಲವೆಂದೂ ಆಗ ಪತ್ರಿಕೆಗಳಲ್ಲಿ ಬಂದಿತ್ತು. ಜಾತ್ರೆಯ ದಿನ ಬೇಡವೆಂದು ಮಗ ಹೇಳಿದ್ದು ಇದನ್ನು ನೆನೆದೇ. ಜಾತ್ರೆಯ ದಿನವನ್ನು ತಪ್ಪಿಸಿದರೆ ಸಾಕೆಂದು ಅವನು ತಿಳಿದಿದ್ದ. ದಿನ ತಪ್ಪಿಸಿದರೂ ಅದೇ ತುಂಬಿದ ದೋಣಿ ಎದುರಿಗೆ ನಿಂತಿತ್ತು.

ಮಾತು ಮುಗಿಸಿದವಳು ಅಜ್ಜಿ. ಕಡಲಿನ ಕಡೆ ತಿರುಗಿ, ಆಮೆಯ ಬೆನ್ನಿನಂತೆ ಕಾಣುತ್ತಿದ್ದ ಗುಡ್ಡಕ್ಕೆ ನಿಂತಲ್ಲಿಂದಲೇ ಕೈ ಮುಗಿದಳು. ‘ದೇವ್ರು ನಾಳಿನೂ ಅಲ್ಲೇ ಇರ್ತಾನ. ದ್ವೀಪ ಎಲ್ಲಿಗಿ ಓಡಿಹೋಗ್ತದ?’ ಎಂದಳು. ದೋಣಿ ಹೊರಟಿತು. ಹುಡುಗ ಅತ್ತ. ದೋಣಿಯಲ್ಲಿದ್ದವರು ಸಂಜೆ ಕ್ಷೇಮವಾಗಿಯೇ ಮರಳಿದರು. ಅದನ್ನು ಕಂಡು ಹುಡುಗ ಇನ್ನಷ್ಟು ಅತ್ತ. ‘ನೋಡ್ರಿ, ಏನೂ ಆಗ್ಲಿಲ್ಲ’ ಎಂದ. ಅಕ್ಕನ ಬಳಿ ಅದಕ್ಕೆ ಉತ್ತರವಿರಲಿಲ್ಲ. ಏನೂ ಆಗದ ದಿನಗಳೇ ಹೆಚ್ಚು. ಆದ್ದರಿಂದಲೇ ಜನ ಎಣಿಸುವುದನ್ನು ಬಿಡುತ್ತಾರೆ.

ಹೋಳಿಗೆಯನ್ನು ಕಾರವಾರದ ಕಡಲತೀರದಲ್ಲಿ ಕೂತು ತಿಂದರು. ಈ ತೀರಕ್ಕೆ ರವೀಂದ್ರನಾಥ ಠಾಕೂರರ ಹೆಸರಿದೆ. 1883ರಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಅವರು ತಂಗಿದ್ದರು. ‘ಪ್ರಕೃತಿರ್ ಪ್ರತಿಶೋಧ’ ಎಂಬ ನಾಟಕವನ್ನು ಬರೆದದ್ದು ಇಲ್ಲಿಯೇ. ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋದ ನೆನಪನ್ನು ಮುಂದೆ ಆತ್ಮಕಥನದಲ್ಲಿ ಬರೆದಿದ್ದಾರೆ.

ಆಮೆಯ ಬೆನ್ನಿನ ಮೇಲೆ

ಆ ರಾತ್ರಿ ಒಲೆ ಬೇಗ ಆರಿತು. ಮರುದಿನದ ಬುತ್ತಿಗೆ ಹುಳಿ ಅವಲಕ್ಕಿ, ರೊಟ್ಟಿ, ಚಟ್ನಿಪುಡಿ, ಬಾಳೆಹಣ್ಣು, ಬಾಟಲಿಯಲ್ಲಿ ಮುರುಗಲು ಪಾನಕ. ಬೇಯಿಸುವ ಕೆಲಸವೇ ಇಲ್ಲ. ಹಿಂದಿನ ಸಂಜೆಯೇ ಬೇರೊಬ್ಬ ವಯಸ್ಸಾದ ದೋಣಿಯವನನ್ನು ಕಂಡು, ಜನಕ್ಕೊಂದು ಜಾಕೆಟ್, ಎಂಟಕ್ಕೆ ಹೊರಟು ಹನ್ನೆರಡರೊಳಗೆ ವಾಪಸು ಎಂದು ಮಾತಾಡಿ ಬಂದಿದ್ದರು. ‘ನಾನೂ ಅದನ್ನೇ ಹೇಳ್ತಿದ್ದೆ. ಮಧ್ಯಾಹ್ನದ ಮೇಲೆ ಗಾಳಿ ಬೀಳ್ತದೆ’ ಎಂದಿದ್ದ ಅವನು. ಅವನ ಬಳಿ ಕೋಷ್ಟಕವಿರಲಿಲ್ಲ. ಹುಡುಗಿಯ ಕೋಷ್ಟಕವೂ ಅದನ್ನೇ ಹೇಳುತ್ತಿತ್ತು: ನಾಳೆ ಹತ್ತೂ ಹತ್ತರ ಸುಮಾರಿಗೆ ಭರತಿ.

ಬೆಳಗಿನ ಬಸ್ಸಿಗೆ ಕತ್ತಲಿರುವಾಗಲೇ ಎದ್ದರು. ಎಂಟು ಗಂಟೆಗೆ ಅಳಿವೆ ಕನ್ನಡಿಯಂತಿತ್ತು. ಎಡಕ್ಕೆ ಕಾರವಾರದ ತೀರ, ಬಲಕ್ಕೆ ದೇವಬಾಗದ ಗಾಳಿತೋಪು, ಬೆನ್ನ ಹಿಂದೆ ಸದಾಶಿವಗಡದ ಗುಡ್ಡ ಮತ್ತು ಸೇತುವೆ. ಸುಮಾರು ನಲವತ್ತು ವರ್ಷ ಹಳೆಯದಾಗಿದ್ದ ಜೋಡಿ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಲಾರಿಯೊಂದು ನದಿಗೆ ಬಿದ್ದಿತ್ತು. ಚಾಲಕನನ್ನು ಸ್ಥಳೀಯರು ಮತ್ತು ಪೊಲೀಸರು ಬದುಕಿಸಿದ್ದರು. ದೋಣಿ ಅಳಿವೆ ದಾಟುವಾಗ ಬೂದುಬಣ್ಣದ ಬೆನ್ನುಗಳು ಎರಡು ಬಾರಿ ಮೇಲೆದ್ದು ಮುಳುಗಿದವು. ಗೂನುಬೆನ್ನಿನ ಡಾಲ್ಫಿನ್‌ಗಳು. ಮೀನಲ್ಲ, ನಮ್ಮಂತೆ ಶ್ವಾಸಕೋಶವಿರುವ ಸಸ್ತನಿ, ಮೇಲೇಳುವುದು ಉಸಿರಿಗಾಗಿ. ಹುಡುಗ ಹಿಂದಿನ ದಿನದ ಅಳುವನ್ನು ಮರೆತ.

ಕೂರ್ಮಗಡಕ್ಕೆ ಆ ಹೆಸರು ಬಂದದ್ದು ಆಮೆಯ ಆಕಾರದಿಂದ. ಬಂಡೆಗಳ ನಡುವೆ ಇಳಿಯಬೇಕು. ಒಬ್ಬೊಬ್ಬರಾಗಿ, ಅಲೆ ಹಿಂದೆ ಸರಿದ ಕ್ಷಣ ನೋಡಿ. ಅಜ್ಜಿಯನ್ನು ದೋಣಿಯವನೂ ಮಗನೂ ತೋಳು ಹಿಡಿದು ಇಳಿಸಿದರು. ನೀರಂಚಿನ ಬಂಡೆಗಳಲ್ಲಿ ಪಟ್ಟೆ ಪಟ್ಟೆಯಾಗಿ ಜೀವಗಳು: ಎಲ್ಲಕ್ಕಿಂತ ಮೇಲೆ ಅಲೆಯ ತುಂತುರಷ್ಟೇ ತಾಗುವಲ್ಲಿ ಸಣ್ಣ ಬಸವನಹುಳುಗಳು, ಕೆಳಗೆ ಚಿಪ್ಪು ಮುಚ್ಚಿಕೂತ ಬಾರ್ನಕಲ್‌ಗಳು, ಅದಕ್ಕೂ ಕೆಳಗೆ ಕಲ್ಗಗಳು. ಎಷ್ಟು ಹೊತ್ತು ನೀರಿಲ್ಲದೆ ಬದುಕಬಲ್ಲವು ಎಂಬುದರ ಮೇಲೆ ಅವು ತಮ್ಮ ಮಹಡಿ ಆರಿಸಿಕೊಂಡಿವೆ.

ಏರುದಾರಿಯಲ್ಲಿ ಹಳೆಯ ಕೋಟೆಯ ಕುರುಹುಗಳು, ಗಿಡಗಂಟಿ. ನರಸಿಂಹ ದೇವರ ಗುಡಿ ಚಿಕ್ಕದು. ಜಾತ್ರೆಯಂದು ಬಾಳೆಗೊನೆ ಹೊತ್ತ ಭಕ್ತರಿಂದ ತುಂಬುವ ಆ ಜಾಗದಲ್ಲಿ ಅಂದು ಗಾಳಿಯ ಸದ್ದು ಮಾತ್ರ. ಅಜ್ಜಿ ಹರಕೆಯ ಕಾಯಿ ಒಡೆದು ಬಹಳ ಹೊತ್ತು ಕಣ್ಣು ಮುಚ್ಚಿ ಕೂತಳು. ಏನು ಬೇಡಿಕೊಂಡಿದ್ದಳೆಂದು ಯಾರೂ ಕೇಳಲಿಲ್ಲ.

ಮೇಲಿನಿಂದ ಸುತ್ತ ನೋಡಿದರೆ ಭೂಗೋಳದ ಪಾಠವೊಂದು ಹರಡಿದೆ. ಪಶ್ಚಿಮ ಘಟ್ಟ ಕರ್ನಾಟಕದಲ್ಲಿ ಸಮುದ್ರಕ್ಕೆ ಅತಿ ಹತ್ತಿರ ಬರುವುದು ಕಾರವಾರದಲ್ಲಿ. ಅದರ ಕಾಲ್ಗುಡ್ಡಗಳು ನೀರಿನೊಳಕ್ಕೇ ನಡೆದುಹೋದಂತಿವೆ. ನಿಜವೆಂದರೆ ಗುಡ್ಡಗಳು ನಡೆಯಲಿಲ್ಲ, ಕಡಲೇ ಬಂತು. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದಲ್ಲಿ, ಸಮುದ್ರಮಟ್ಟ ಇಂದಿಗಿಂತ 120 ಮೀಟರಿನಷ್ಟು ಕೆಳಗಿತ್ತು. ಆಗ ಇವು ಬಯಲಿನ ನಡುವಿನ ಗುಡ್ಡಗಳು. ಹಿಮ ಕರಗಿ ನೀರೇರಿದ ಮೇಲೆ ನೆತ್ತಿಗಳಷ್ಟೇ ದ್ವೀಪಗಳಾಗಿ ಉಳಿದವು. ಪಶ್ಚಿಮಕ್ಕೆ ದೇವಗಡ, ಇಂಗ್ಲಿಷರು ಆಯ್ಸ್ಟರ್ ರಾಕ್ ಎಂದು ಕರೆದ ಆ ಬಂಡೆಯ ಮೇಲೆ ಬಿಳಿಯ ದೀಪಸ್ತಂಭ. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿ, ಧಾರವಾಡ ಸೀಮೆಯ ಹತ್ತಿ ಹಡಗೇರಲು ಕಾರವಾರ ಬಂದರು ಬೆಳೆದ ದಶಕದ ದೀಪ ಅದು. ‘ನಮ್ಮೂರಿನ ಹತ್ತಿಗೆ ದೀಪ ಹಿಡದಾರ’ ಎಂದ ತಂದೆ.

ಬಿಳಿಹೊಟ್ಟೆಯ ಕಡಲಹದ್ದೊಂದು ತಲೆಯ ಮೇಲೆ ಸುತ್ತಿತು. ಮರದಡಿ ಕೂತು ಬುತ್ತಿ ಬಿಚ್ಚಿದರು. ದ್ವೀಪದಲ್ಲಿ ಬೆಂಕಿ ಹಚ್ಚಲಿಲ್ಲ. ಡಿಸೆಂಬರಿನ ಒಣಹುಲ್ಲಿಗೆ ಒಂದು ಕಿಡಿ ಸಾಕು, ನೀರು ತರುವವರಿಲ್ಲ. ಬಾಳೆಸಿಪ್ಪೆ, ಕಾಗದ, ಬಾಟಲಿ ಎಲ್ಲವನ್ನೂ ಚೀಲಕ್ಕೆ ತುಂಬಿದರು. ಹಿಂದೆ ಬಂದವರು ಬಿಟ್ಟುಹೋದ ನಾಲ್ಕು ಪ್ಲಾಸ್ಟಿಕ್ ಬಾಟಲಿಗಳನ್ನು ಹುಡುಗ ತಾನಾಗಿಯೇ ಹೆಕ್ಕಿಕೊಂಡ.

ಹನ್ನೊಂದಕ್ಕೆ ದೋಣಿಯವ ಸಿಳ್ಳೆ ಹಾಕಿದ. ಇನ್ನರ್ಧ ತಾಸು ಎಂದು ಯಾರೂ ಕೇಳಲಿಲ್ಲ.

ಹೋಗುವವರಿಗೆ

ಅಂಕೋಲೆ ಮತ್ತು ಕಾರವಾರ ಎರಡೂ ರಾಷ್ಟ್ರೀಯ ಹೆದ್ದಾರಿ 66ರ ಮೇಲಿವೆ. ಎರಡಕ್ಕೂ ಕೊಂಕಣ ರೈಲಿನ ನಿಲ್ದಾಣಗಳಿವೆ. ಮಕ್ಕಳೊಡನೆ ಹೋಗಲು ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಅಂಕೋಲೆಯ ಹೆಸರುವಾಸಿ ಕರಿ ಈಶಾಡ ಮಾವು ಬೇಕೆಂದರೆ ಮೇ ತಿಂಗಳ ಸೆಕೆ ಸಹಿಸಬೇಕು; ಈ ಹಣ್ಣಿಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಮಳೆಗಾಲದಲ್ಲಿ ದ್ವೀಪದ ಆಸೆ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧವಿರುತ್ತದೆ. ಹೆದ್ದಾರಿಯ ಮೇಲೂ ಎಚ್ಚರ ಬೇಕು: 2024ರ ಜುಲೈ 16ರಂದು ಅಂಕೋಲೆ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ಚಹಾ ಅಂಗಡಿ, ವಾಹನಗಳ ಸಮೇತ ಜನ ಗಂಗಾವಳಿ ನದಿಯ ಪಾಲಾದದ್ದನ್ನು ಯಾರೂ ಮರೆತಿಲ್ಲ.

ಮನೆ ಹಿಡಿಯುವಾಗ ಅಡಿಗೆಮನೆ, ಗ್ಯಾಸ್, ಬಾವಿಯ ಬಗ್ಗೆ ಮೊದಲೇ ಕೇಳಿಕೊಳ್ಳಿ. ಮನೆಯಿಂದ ರೊಟ್ಟಿ, ಪುಡಿಗಳನ್ನು ಒಯ್ಯಿರಿ. ಅಕ್ಕಿ, ಕಾಯಿ, ತರಕಾರಿ, ಮೀನುಗಳನ್ನು ಅಲ್ಲಿಯೇ ಕೊಳ್ಳಿರಿ. ಕಾರವಾರದ ಭಾನುವಾರದ ಸಂತೆ ನೋಡುವಂಥದ್ದು. ದ್ವೀಪಕ್ಕೆ ಹೋಗುವ ಮೊದಲು ಆ ದಿನ ದೋಣಿಗೆ ಅನುಮತಿ ಇದೆಯೇ ಎಂದು ಬಂದರಿನಲ್ಲಿ ವಿಚಾರಿಸಿರಿ. ದೋಣಿ ಹತ್ತುವ ಮೊದಲು ಜನರನ್ನೂ ಜಾಕೆಟ್‌ಗಳನ್ನೂ ಎಣಿಸಿರಿ. ಎಣಿಕೆ ಮಕ್ಕಳಿಗೆ ಬಿಡಿರಿ, ಅವರು ಸಂಕೋಚಪಡುವುದಿಲ್ಲ. ಜಾಕೆಟ್ ತೊಡಬೇಕು, ಪಟ್ಟಿ ಬಿಗಿಯಬೇಕು. ಬೆಳಿಗ್ಗೆ ಹೋಗಿ ಮಧ್ಯಾಹ್ನದೊಳಗೆ ಮರಳಬೇಕು. ಸ್ಕಾಟ್ಲೆಂಡಿನ ದ್ವೀಪಗಳಲ್ಲಿ ಗಾಳಿ ಜೋರಾದರೆ ದೊಡ್ಡ ಹಡಗುಗಳೇ ಆ ದಿನದ ಯಾನವನ್ನು ರದ್ದು ಮಾಡುತ್ತವೆ. ಪ್ರವಾಸಿಗರು ಬಾಡಿಗೆ ಮನೆಗೆ ಮರಳಿ ಚಹಾ ಕಾಸಿಕೊಳ್ಳುತ್ತಾರೆ. ಸ್ವಂತ ಒಲೆಯಿರುವ ಪ್ರವಾಸದ ದೊಡ್ಡ ಅನುಕೂಲ ಇದೇ: ಒಂದು ದಿನ ಸುಮ್ಮನೆ ಕಳೆದರೂ ಊಟ ತಪ್ಪುವುದಿಲ್ಲ, ಖರ್ಚು ಏರುವುದಿಲ್ಲ.

ಐದನೆಯ ದಿನ ಬೆಳಿಗ್ಗೆ ತಾಯಿ ಪಾತ್ರೆಗಳನ್ನು ತೆಂಗಿನ ನಾರಿನಿಂದ ತಿಕ್ಕಿ ಬೋರಲು ಹಾಕಿದಳು. ಉಳಿದ ಮುರುಗಲು ಸಿಪ್ಪೆಯನ್ನು ಅಜ್ಜಿ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಳು. ಬಸ್ಸಿಗೆ ಹೊತ್ತಾಗುತ್ತಿದ್ದರೂ ಹುಡುಗ ದಂಡೆಗೆ ಓಡಿದ. ಅಂದು ಹುಣ್ಣಿಮೆ, ಹನ್ನೊಂದಕ್ಕೆ ಭರತಿ ಎಂದು ಅಕ್ಕನ ಕೋಷ್ಟಕದಲ್ಲಿತ್ತು. ಅಷ್ಟು ಹೊತ್ತು ಕಾಯುವಂತಿರಲಿಲ್ಲ. ನೀರು ಎಲ್ಲಿಗೆ ಬರಬಹುದೆಂದು ಅಂದಾಜು ಮಾಡಿ, ಹಿಂದಿನವಕ್ಕಿಂತ ನಾಲ್ಕು ಹೆಜ್ಜೆ ಮೇಲೆ ಒಂದು ಕಡ್ಡಿ ನೆಟ್ಟು ಬಂದ.